ಮೈಲೇಜ್ ಎಷ್ಟು ಕೊಡ್ತೈತಿ?

ನಮ್ಮ ಕಡೆ ‘ಮೈನಿಂಗ್’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಂಡೂರು, ಹೊಸಪೇಟೆ, ಕೆಂಪು ಧೂಳು, ತಾಡಪಾಲು ಹೊದ್ದ ಲಾರಿಗಳ ಸಾಲು. ಹಾಗಾಗಿ 2025ರ ಮೇ ತಿಂಗಳಲ್ಲಿ ನನ್ನ ಕಾಕಾನ ಮಗ ಊಟಕ್ಕೆ ಕೂತಾಗ, “ನಾನೂ ಮೈನಿಂಗ್ ಚಾಲೂ ಮಾಡಬೇಕಂತ ಮಾಡೀನಿ” ಅಂದದ್ದಕ್ಕೆ ಕಾಕಾ ರೊಟ್ಟಿ ಮುರಿಯೋದನ್ನ ನಿಲ್ಲಿಸಿ ಅವನ ಮುಖ ನೋಡಿದರಂತೆ.

“ಮತ್ತ ಲಾರಿ ತಗೊಳ್ಳಾಕ ಹೊಂಟಿಯೇನಲೇ?”

“ಲಾರಿ ಅಲ್ಲಪ್ಪಾ, ಕಂಪ್ಯೂಟರ್ ಮಷಿನ್. ಬಿಟ್‌ಕಾಯಿನ್ ತಗೀತೈತಿ ಅದು.”

ಅವತ್ತು ರಾತ್ರಿಯೇ ನನಗೆ ಫೋನ್ ಬಂತು. ಬೆಂಗಳೂರಿನಲ್ಲಿ ಸರ್ವರ್ ರೂಮಿನ ಕೆಲಸ ಮಾಡುವವನು ಅಂದಮೇಲೆ ನಮ್ಮ ಮನೆತನದಲ್ಲಿ ಪ್ರಿಂಟರ್ ನಿಂತರೂ ನಾನೇ, ಪಹಣಿ ಡೌನ್‌ಲೋಡ್ ಆಗದಿದ್ದರೂ ನಾನೇ. ತಮ್ಮನಿಗೆ ಕುಷ್ಟಗಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇದೆ. ಕಾಕಾ, ಚಿಗವ್ವ ಯಲಬುರ್ಗಾ ತಾಲೂಕಿನ ಊರಲ್ಲೇ ಇದ್ದಾರೆ. ಅವನ ಪ್ರಶ್ನೆ ನೇರವಾಗಿತ್ತು: “ಅಣ್ಣಾ, ಕಡಿಮಿ ರೇಟಿನಾಗ ಚಲೋ ಮಷಿನ್ ಯಾವ್ದು? ನನ್ನ ಕೈಯಾಗ ಒಂದು ಲಕ್ಷ ಹತ್ತು ಸಾವಿರ ಐತಿ.”

ಕೈಯಾಗ ಇದ್ದದ್ದು ನಲವತ್ತು. ಉಳಿದ ಎಪ್ಪತ್ತು ಸಾವಿರ ಚಿಗವ್ವನ ಮಹಿಳಾ ಸಂಘದ ಸಾಲ. ಅರ್ಜಿ ಕೊಟ್ಟಾಗಿತ್ತು, ಇನ್ನೂ ಬಂದಿರಲಿಲ್ಲ. ವಾರವಾರ ಕಂತು. ತಪ್ಪಿದರೆ ಸಂಘದ ಉಳಿದ ಹೆಂಗಸರು ಆ ವಾರ ಅವಳ ಕಂತು ತುಂಬಬೇಕು, ಆಮೇಲೆ ನೀರಿನ ನಳದ ಹತ್ತಿರ ಅವರ ಮುಖ ಅವಳು ನೋಡಬೇಕು. ಇದು ಬ್ಯಾಂಕಿನ ಈಎಮ್ಐ ಅಲ್ಲ.

ಬೇಡ ಅಂತ ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಇಪ್ಪತ್ತಾರು ವರ್ಷದ ಹುಡುಗನಿಗೆ ಬೆಂಗಳೂರಿಂದ ಬರುವ ‘ಬೇಡ’ ಹೇಗೆ ಕೇಳುತ್ತೆ ಅಂತ ನನಗೆ ಗೊತ್ತು. ನೀವೆಲ್ಲ ಅಲ್ಲಿ ಶೇರು, ಮ್ಯೂಚುವಲ್ ಫಂಡ್ ಅಂತ ಆಡ್ತೀರಿ, ನಮಗ ಮಾತ್ರ ಬ್ಯಾಡ ಅಂತೀರಿ. ಅದೂ ಅಲ್ಲದೆ ಇದೇ ಪ್ರಶ್ನೆಯನ್ನ ನನ್ನ ಆಫೀಸಿನ ಹುಡುಗರೂ ಕೇಳಿದ್ದಾರೆ, ಅವರ ಬಜೆಟ್ ಸ್ವಲ್ಪ ದೊಡ್ಡದು ಅಷ್ಟೆ. ಲೆಕ್ಕ ಹಾಕಿ ತೋರಿಸಿದರೆ ಮುಗೀತು ಅಂದುಕೊಂಡೆ. “ಎರಡು ದಿನ ರಜಾ ಹಾಕಿ ಬರ್ತೀನಿ, ಮಷಿನ್ ನೋಡಾಕ ಇಬ್ಬರೂ ಕೂಡಿ ಹೋಗೋಣು” ಅಂದೆ. ಹೆಂಗೂ ಮಾವಿನಹಣ್ಣಿನ ಕಾಲ. ಕೊಪ್ಪಳದ ಕೇಸರ್ ಹಣ್ಣಿನ ನೆಪವೂ ಇತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಟ್‌ಕಾಯಿನ್ ಅಂದರೆ ಎಲ್ಲರೂ ನಕಲು ಇಟ್ಟುಕೊಂಡ ಒಂದು ಖಾತೆ ಪುಸ್ತಕ. ಅದಕ್ಕೆ ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತೆ. ಆ ಪುಟ ಸೇರಿಸುವ ಹಕ್ಕು ಯಾರಿಗೆ ಅಂತ ತೀರ್ಮಾನಿಸೋದಕ್ಕೆ ಜಗತ್ತಿನ ಮಷಿನ್‌ಗಳೆಲ್ಲ ಒಂದು ಸಂಖ್ಯೆಯನ್ನ ಊಹಿಸುತ್ತಾ ಕೂರುತ್ತವೆ. ಸರಿಯಾಗಿ ಊಹಿಸಿದವನಿಗೆ ಬಹುಮಾನ. 2009ರ ಜನವರಿಯಲ್ಲಿ ಶುರುವಾದಾಗ ಬಹುಮಾನ 50 ಬಿಟ್‌ಕಾಯಿನ್ ಇತ್ತು. ಹೆಚ್ಚುಕಡಿಮೆ ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗುತ್ತಾ ಬಂದು, 2024ರ ಏಪ್ರಿಲ್‌ನಿಂದ 3.125. ಊಹೆಯಲ್ಲಿ ಬುದ್ಧಿ ಏನೂ ಇಲ್ಲ. ಒಂದು ಸೆಕೆಂಡಿಗೆ ಎಷ್ಟು ಸಲ ಊಹಿಸ್ತೀಯ ಅನ್ನೋದಷ್ಟೇ ಲೆಕ್ಕ. ಮೊದಮೊದಲು ಮನೆಯ ಕಂಪ್ಯೂಟರಿನ ಪ್ರೊಸೆಸರ್ ಸಾಕಿತ್ತು. ಆಮೇಲೆ ಗ್ರಾಫಿಕ್ಸ್ ಕಾರ್ಡ್. 2013ರ ಹೊತ್ತಿಗೆ ಈ ಒಂದೇ ಕೆಲಸಕ್ಕೆ ಕೆತ್ತಿದ ಚಿಪ್‌ಗಳು ಬಂದವು, ಏಸಿಕ್ ಅಂತಾರೆ. ಅಲ್ಲಿಗೆ ಮನೆ ಕಂಪ್ಯೂಟರಿನ ಕಥೆ ಬಿಟ್‌ಕಾಯಿನ್ ಮಟ್ಟಿಗೆ ಮುಗೀತು. ಏಸಿಕ್ ಬೇರೆ ಏನನ್ನೂ ಮಾಡೋದಿಲ್ಲ. ಅದರಲ್ಲಿ ಒಂದು ಸಿನಿಮಾ ನೋಡೋಕಾಗಲ್ಲ, ಒಂದು ಅರ್ಜಿ ತುಂಬೋಕಾಗಲ್ಲ.

ತಮ್ಮ ಕಣ್ಣಿಟ್ಟಿದ್ದು ಅಂಥದೇ ಒಂದರ ಮೇಲೆ. ಗಂಗಾವತಿಯಲ್ಲಿ ಒಬ್ಬರ ಹತ್ತಿರ ಆಂಟ್‌ಮೈನರ್ ಎಸ್9 ಆರು ಇವೆ, ಒಂದಕ್ಕೆ 12 ಸಾವಿರ, ಆರೂ ತಗೊಂಡರೆ 65ಕ್ಕೆ ಕೊಡ್ತಾರಂತೆ.

ಗಂಗಾವತಿಗೆ ಹೋದವರಿಗೆ ಗೊತ್ತಿರುತ್ತೆ, ಆ ಊರಿಗೆ ಮಷಿನ್ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ಸಾಲುಸಾಲು ರೈಸ್ ಮಿಲ್‌ಗಳು. ಅಲ್ಲಿ ಯಾರನ್ನ ಕೇಳಿದರೂ ಒಂದು ಕ್ವಿಂಟಲ್ ಭತ್ತಕ್ಕೆ ಎಷ್ಟು ಅಕ್ಕಿ, ಎಷ್ಟು ನುಚ್ಚು, ಎಷ್ಟು ತೌಡು ಅಂತ ಬಾಯಲ್ಲೇ ಹೇಳ್ತಾರೆ. ನಾವು ಹೋದದ್ದೂ ಒಂದು ಮಿಲ್ಲಿನ ಹಿಂದಿನ ಗೋದಾಮಿಗೇ. ಮೂಲೆಯಲ್ಲಿ ಗೋಣಿಚೀಲದ ಮೇಲೆ ಆರು ಲೋಹದ ಡಬ್ಬಿಗಳು. ನೋಡೋಕೆ ಶೂ ಡಬ್ಬಿಯ ಗಾತ್ರ, ಎರಡೂ ತುದಿಗೆ ಫ್ಯಾನು. ದಿಲ್ಲಿಯಿಂದ ತರಿಸಿದ್ದಂತೆ.

ಅವರು ಒಂದನ್ನ ಚಾಲೂ ಮಾಡಿದರು. ವ್ಯಾಕ್ಯೂಮ್ ಕ್ಲೀನರ್ ಕಿವಿಯ ಹತ್ತಿರ ಹಿಡಿದರೆ ಹೇಗಿರುತ್ತೋ ಹಾಗೆ. ಪಕ್ಕದಲ್ಲಿ ಮಿಲ್ಲು ನಡೀತಿದ್ದರೂ ಇದರ ಕೀರಲು ಬೇರೆಯೇ ಕೇಳ್ತಿತ್ತು. ಐದು ನಿಮಿಷಕ್ಕೆ ಹಿಂದಿನಿಂದ ಬರುವ ಗಾಳಿಗೆ ಕೈ ಒಡ್ಡಲಾಗದಷ್ಟು ಬಿಸಿ. 1,350 ವ್ಯಾಟ್ ತಿಂದು ಅಷ್ಟನ್ನೂ ಶಾಖ ಮಾಡಿ ಹೊರಗೆ ಬಿಡುತ್ತೆ, ಅಂದರೆ ಚಳಿದೇಶದವರ ರೂಮ್ ಹೀಟರ್. ಕಂಪನಿಯವರೇ ಸುತ್ತಲಿನ ಗಾಳಿ 40 ಡಿಗ್ರಿಯೊಳಗಿರಲಿ ಅಂತ ಹೇಳಿದ್ದಾರೆ. ನಾವು ನಿಂತಿದ್ದ ಗೋದಾಮಿನಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಎಷ್ಟಿತ್ತೋ ದೇವರಿಗೇ ಗೊತ್ತು.

“ಈ ಬಿಸಿಗಾಳ್ಯಾಗ ಭತ್ತ ಒಣಗಿಸಬಹುದಲ್ರೀ” ಅಂದ ತಮ್ಮ, ಅರ್ಧ ತಮಾಷೆಗೆ.

“ನಮಗ ಉಮಿ ಪುಕ್ಕಟ ಸಿಗ್ತೈತಲ್ಲಪ್ಪಾ” ಅಂದರು ಅಲ್ಲಿದ್ದ ಮಿಲ್ಲಿನವರು. ವಿಷಯ ಅಲ್ಲಿಗೆ ಮುಗೀತು.

ಮಾರುವವರು ಸುಳ್ಳು ಹೇಳಲಿಲ್ಲ, ಅದನ್ನ ಹೇಳಲೇಬೇಕು. “2017ರಾಗ ಇದು ಬಂಗಾರದ ಮೊಟ್ಟಿ ಇಡ್ತಿತ್ತು” ಅಂದರು. ನಿಜ. ಎಸ್9 ಬಂದದ್ದು 2016ರಲ್ಲಿ, ಆ ಕಾಲಕ್ಕೆ ಅದೇ ರಾಜ. ಆಮೇಲೆ 2021ರಲ್ಲಿ ಚೀನಾ ಸರ್ಕಾರ ತನ್ನ ದೇಶದೊಳಗೆ ಮೈನಿಂಗ್ ನಿಲ್ಲಿಸಿತು. ರಾಶಿರಾಶಿ ಹಳೇ ಮಷಿನ್‌ಗಳು ಜಗತ್ತಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದುಬಿದ್ದವು. ಇಷ್ಟು ಅಗ್ಗ ಯಾಕೆ ಅಂತ ಯಾವ ವಸ್ತುವಿನ ಬಗ್ಗೆಯಾದರೂ ಕೇಳಬೇಕು. ಇದರ ಬಗ್ಗೆ ಎರಡು ಸಲ ಕೇಳಬೇಕು.

ಮಿಲ್ಲಿನ ಒಂದು ತೂಕದ ಚೀಟಿ ತಿರುಗಿಸಿ ಅದರ ಬೆನ್ನಿಗೆ ಲೆಕ್ಕ ಹಾಕಿದೆವು. ಆ ವಾರ ಒಂದು ಬಿಟ್‌ಕಾಯಿನ್ ಬೆಲೆ ಕೋಟಿಯ ಹತ್ತಿರ ಓಡಾಡ್ತಿತ್ತು. ತಮ್ಮನ ಕಡೆಗೇ ಒಲಿಸಿ ಪೂರಾ ಒಂದು ಕೋಟಿ ಅಂತ ಹಿಡಿದೆ. ಜಗತ್ತಿನ ಎಲ್ಲಾ ಮಷಿನ್‌ಗಳ ಒಟ್ಟು ಊಹಿಸುವ ಶಕ್ತಿ ಸುಮಾರು 900 ಎಕ್ಸಾಹ್ಯಾಶ್, ಅಂದರೆ 90 ಕೋಟಿ ಟೆರಾಹ್ಯಾಶ್. ಎಸ್9ನ ಶಕ್ತಿ 13.5 ಟೆರಾಹ್ಯಾಶ್. ದಿನಕ್ಕೆ ಜಗತ್ತಿಗೆಲ್ಲ ಸೇರಿ ಹೊಸದಾಗಿ ಹುಟ್ಟುವ ಬಿಟ್‌ಕಾಯಿನ್ 450. ಇದರಲ್ಲಿ ನಮ್ಮ ಡಬ್ಬಿಯ ಪಾಲು ರೂಪಾಯಿ ಲೆಕ್ಕದಲ್ಲಿ ದಿನಕ್ಕೆ 67.

ತಮ್ಮನ ಮುಖ ಅರಳಿತು. “ಆರು ಮಷಿನಿಗೆ ನಾನ್ನೂರು! ತಿಂಗಳಿಗೆ ಹನ್ನೆರಡು ಸಾವಿರ!”

ಕರೆಂಟು ಇನ್ನೂ ಬಾಕಿ ಇತ್ತು. 1,350 ವ್ಯಾಟ್, 24 ಗಂಟೆ: ದಿನಕ್ಕೆ 32 ಯೂನಿಟ್ ಚಿಲ್ಲರೆ. ಮನೆ ಬಳಕೆಯ ದರ 2025-26ಕ್ಕೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ತೆರಿಗೆ, ಸರ್‌ಚಾರ್ಜ್ ಸೇರಿದರೆ ಆರು ದಾಟುತ್ತೆ, ನಾನು ಆರಕ್ಕೇ ನಿಲ್ಲಿಸಿದೆ. 194 ರೂಪಾಯಿ. 67 ಗಳಿಸೋಕೆ 194 ಸುಡಬೇಕು. ಆರು ಮಷಿನ್ ಇಟ್ಟರೆ ಆರು ಪಟ್ಟು ನಷ್ಟ. ಅದೇ 194 ರೂಪಾಯಿಗೆ ಫೋನಿನಲ್ಲೇ ಬಿಟ್‌ಕಾಯಿನ್ ಕೊಂಡರೆ ಸುಮಾರು ಮೂರು ಪಟ್ಟು ಹೆಚ್ಚು ಸಿಗುತ್ತೆ, ಸದ್ದಿಲ್ಲ, ಬಿಸಿಯಿಲ್ಲ, 12 ಸಾವಿರ ಕೊಡಬೇಕಾಗೂ ಇಲ್ಲ. (ಕೊಳ್ಳಿ ಅಂತ ಹೇಳ್ತಿಲ್ಲ. ಅದು ಬೇರೆ ಜಗಳ.)

ಕೋಲಾರದ ಚಿನ್ನದ ಗಣಿಯನ್ನ 2001ರ ಫೆಬ್ರವರಿಯಲ್ಲಿ ಮುಚ್ಚಿದಾಗ ಕೆಳಗೆ ಚಿನ್ನ ಇರಲಿಲ್ಲ ಅಂತಲ್ಲ. ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಗಿತ್ತು. ಎಸ್9ನದೂ ಅದೇ ಕಥೆ. ಮಷಿನ್ ಕೆಟ್ಟಿಲ್ಲ, ಓಡುತ್ತೆ. ಓಡಿಸೋದೇ ನಷ್ಟ.

ವಾಪಸ್ ಬರುವಾಗ ಬಸ್ಸಲ್ಲಿ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಸೋತ ಅಂತ ತಿಳಕೊಂಡೆ. ಅವನು ಯೋಚನೆ ಮಾಡ್ತಿದ್ದ.

“ಅಣ್ಣಾ, ಕರೆಂಟ್ ಪುಕ್ಕಟ ಇದ್ರ?”

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಹುಚ್ಚು ಪ್ರಶ್ನೆ ಅಲ್ಲ. ಮೊದಲನೇದು ಗೃಹಜ್ಯೋತಿ. ಊರಲ್ಲಿ ಕಾಕಾನ ಮನೆಗೆ ಎರಡು ವರ್ಷದಿಂದ ಸೊನ್ನೆ ಬಿಲ್ಲು ಬರ್ತಿದೆ. ಆದರೆ ಅದರ ಮಿತಿ ಹಳೇ ಬಳಕೆಯ ಸರಾಸರಿ ಮತ್ತು ಸ್ವಲ್ಪ ಮೇಲೆ, 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಒಂದು ಎಸ್9 ತಿಂಗಳಿಗೆ 970 ಯೂನಿಟ್ ತಿನ್ನುತ್ತೆ. ಚಿಗವ್ವನ ಮನೆಯ ಎರಡು ಫ್ಯಾನು, ನಾಲ್ಕು ಬಲ್ಬು, ಒಂದು ಮಿಕ್ಸರ್ ಎಲ್ಲಾ ಸೇರಿ ಅರವತ್ತು.

ಎರಡನೇದು ಹೊಲದ ಬೋರ್‌ವೆಲ್. ತಮ್ಮನ ಸ್ನೇಹಿತನ ಹೊಲ ಕುಷ್ಟಗಿಯ ಆಚೆ ಇದೆ, ಹತ್ತು ಎಚ್‌ಪಿಯೊಳಗಿನ ಪಂಪ್‌ಸೆಟ್, ಕರೆಂಟು ಉಚಿತ. ಮೋಟರ್ ಶೆಡ್ಡಿನಲ್ಲಿ ಇಟ್ಟರೆ ಯಾರು ನೋಡ್ತಾರೆ? ಇಲ್ಲಿ ನಾನು ಸ್ವಲ್ಪ ದನಿ ಏರಿಸಿದೆ. ನೀರೆತ್ತೋಕೆ ಅಂತ ಕೊಟ್ಟ ಕರೆಂಟನ್ನ ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರ ವಸೂಲಿ ಮಾಡ್ತಾರೆ, ಮತ್ತು ಆ ನೋಟಿಸು ಬರೋದು ಸ್ನೇಹಿತನ ಅಪ್ಪನ ಹೆಸರಿಗೆ. ಕಾಯ್ದೆ ಪಕ್ಕಕ್ಕಿಡಿ. ತ್ರೀ ಫೇಸ್ ಇರೋದು ದಿನಕ್ಕೆ ಏಳು ತಾಸು. ಉಳಿದ ಹದಿನೇಳು ತಾಸು ಡಬ್ಬಿ ಸುಮ್ಮನೆ ಕೂರುತ್ತೆ. ಮೇಲಾಗಿ ಆ ಲೈನಿನ ವೋಲ್ಟೇಜಿಗೆ ಪಂಪೇ ಸುಟ್ಟುಹೋಗುತ್ತೆ, ಇನ್ನು ಚಿಪ್ಪಿನ ಮಾತೆಲ್ಲಿ.

ಅಷ್ಟರಲ್ಲಿ ಬಸ್ ಕುಷ್ಟಗಿ ಸಮೀಪಿಸಿತ್ತು. ಕಿಟಕಿಯಾಚೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗ್ತಾ ಇದ್ದವು. ಕುಷ್ಟಗಿ, ಯಲಬುರ್ಗಾ ಕಡೆ ಈಗ ಯಾವ ದಿಕ್ಕಿಗೆ ನೋಡಿದರೂ ಅವೇ. ತಮ್ಮ ಅವನ್ನ ನೋಡಿದ, ನಾನು ಅವನನ್ನ ನೋಡಿದೆ. “ಅದು ಗ್ರಿಡ್‌ಗೆ ಹೋಗ್ತೈತಲೇ, ನಿನಗಲ್ಲ” ಅಂದೆ. ಇಬ್ಬರೂ ನಕ್ಕೆವು. ಸೋಲಾರ್ ಬಗ್ಗೆಯೂ ಕೇಳಿದ. ಮನೆ ಮೇಲೆ ಮೂರು ಕಿಲೋವ್ಯಾಟ್ ಹಾಕಿಸಿದರೆ ಕೇಂದ್ರದ ಸಬ್ಸಿಡಿ 78 ಸಾವಿರ ಸಿಗುತ್ತೆ, ಬಿಸಿಲಿದ್ದ ದಿನ ಹನ್ನೆರಡು ಯೂನಿಟ್ ಬರಬಹುದು. ಎಸ್9ಗೆ ಬೇಕಾದದ್ದು ಮೂವತ್ತೆರಡು.

ಕುಷ್ಟಗಿಯಲ್ಲಿ ಚಹಾ ಕುಡಿದು ಅಲ್ಲಿಂದ ಊರಿಗೆ ಹೋದೆವು. ಈ ಇಡೀ ವಿಚಾರದಲ್ಲಿ ಎಲ್ಲರಿಗಿಂತ ಸರಿಯಾದ ಪ್ರಶ್ನೆ ಕೇಳಿದ್ದು ಕಾಕಾ. ಅದಕ್ಕೆ ಕಾರಣ ಇದೆ.

2008-09ರ ಹೊತ್ತಿಗೆ ಕೊಪ್ಪಳದ ಹೆದ್ದಾರಿಯಲ್ಲಿ ನಿಂತರೆ ರಸ್ತೆ ದಾಟೋಕೆ ಹತ್ತು ನಿಮಿಷ ಬೇಕಾಗ್ತಿತ್ತು. ಹೊಸಪೇಟೆ ಕಡೆಯಿಂದ ಅದಿರು ತುಂಬಿದ ಲಾರಿಗಳು ಗದಗ, ಹುಬ್ಬಳ್ಳಿ ಮೇಲೆ ಹಾದು ಬೇಲೆಕೇರಿ ಬಂದರಿಗೆ. ಅಲ್ಲಿಂದ ಹಡಗಿನಲ್ಲಿ ಚೀನಾಕ್ಕೆ. ಊರಿನ ಹುಡುಗರು ಹೊಲ ಮಾರಿ, ಹೆಂಡತಿ ಬಂಗಾರ ಅಡ ಇಟ್ಟು ಲಾರಿ ತಗೊಂಡರು. ಕಾಕಾ ತಗೊಂಡದ್ದು ಸೆಕೆಂಡ್ ಹ್ಯಾಂಡ್ ಟಿಪ್ಪರ್, ಫೈನಾನ್ಸಿನಲ್ಲಿ. ‘ಕಡಿಮಿ ರೇಟಿನಾಗ ಚಲೋ ಮಷಿನ್’ ಅಂತ ಆಗಲೂ ಎಲ್ಲರೂ ಹೇಳಿದ್ದರು. ಒಂದು ವರ್ಷ ಚೆನ್ನಾಗೇ ನಡೀತು. ನನಗೆ ಡಿಪ್ಲೊಮಾ ಸೇರುವಾಗ ಹೊಸ ಸೂಟ್‌ಕೇಸ್ ಕೊಡಿಸಿದ್ದು ಆ ಟಿಪ್ಪರಿನ ದುಡ್ಡಲ್ಲೇ. ಟ್ರಿಪ್ಪಿಗೆ ಎಷ್ಟು ಬಾಡಿಗೆ ಅನ್ನೋದಷ್ಟೇ ಎಲ್ಲರ ಬಾಯಲ್ಲಿ ಇತ್ತು. ಹಳೇ ಇಂಜಿನ್ ಲೀಟರಿಗೆ ಮೂರು ಕಿಲೋಮೀಟರ್ ಕೂಡ ಕೊಡಲ್ಲ, ಟಯರಿಗೆ ಎಷ್ಟು, ಚಕ್‌ಪೋಸ್ಟಿಗೆ ಎಷ್ಟು, ಇವನ್ನೆಲ್ಲ ಕಾಕಾ ಒಂದು ಡೈರಿಯಲ್ಲಿ ಬರೀತಾ ಹೋದಮೇಲೆ ಗೊತ್ತಾಯ್ತಂತೆ, ಬಾಡಿಗೆ ಸ್ವಲ್ಪ ಇಳಿದರೂ ತಾನು ಓಡಿಸ್ತಿರೋದು ಡೀಸೆಲ್ ಬಂಕಿನವನ ಸಲುವಾಗಿ ಅಂತ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮುಂದಿನ ವರ್ಷ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಟಿಪ್ಪರ್ ನಾಲ್ಕು ತಿಂಗಳು ಮನೆಮುಂದೆ ನಿಂತಿತ್ತು. ಆಮೇಲೆ ಫೈನಾನ್ಸಿನವರು ಬಂದು ಒಯ್ದರು. ಕೀ ಕೊಟ್ಟದ್ದು ಚಿಗವ್ವ. ಕಾಕಾ ಒಳಗಿನಿಂದ ಹೊರಗೆ ಬರಲಿಲ್ಲ.

ಹೀಗಾಗಿ ನಾನು ಟೆರಾಹ್ಯಾಶ್, ಪೂಲ್, ಬಹುಮಾನ ಅಂತ ಅರ್ಧ ತಾಸು ಹೇಳಿದ್ದನ್ನೆಲ್ಲ ಕೇಳಿ ಕಾಕಾ ಎಲೆ-ಅಡಿಕೆ ಬಾಯಿಗೆ ಹಾಕ್ಕೊಂಡು ಕೇಳಿದ್ದು ಒಂದೇ: “ಅದೆಲ್ಲಾ ಇರ್ಲಿ ತಮ್ಮಾ. ಮೈಲೇಜ್ ಎಷ್ಟು ಕೊಡ್ತೈತಿ?”

ಮೈನಿಂಗ್ ಮಷಿನ್ ಕೊಳ್ಳುವವರು ನೋಡಬೇಕಾದ ಮೊದಲನೇ ಅಂಕಿಯೇ ಅದು. ಒಂದು ಟೆರಾಹ್ಯಾಶ್‌ಗೆ ಎಷ್ಟು ಜೂಲ್ ಕರೆಂಟು ಅಂತ ಬರೆದಿರ್ತಾರೆ. ಎಸ್9ಗೆ ನೂರರ ಹತ್ತಿರ. 2020ರಲ್ಲಿ ಬಂದ ಎಸ್19 ಪ್ರೊಗೆ ಮೂವತ್ತು. ಈಚಿನ ಎಸ್21ಗೆ ಹದಿನೇಳೂವರೆ. ಅಂದರೆ ಎಸ್9 ಹಳೇ ಟಿಪ್ಪರ್, ಎಸ್21 ಅದೇ ಲೋಡನ್ನ ಐದರಲ್ಲಿ ಒಂದು ಪಾಲು ಡೀಸೆಲ್‌ನಲ್ಲಿ ಒಯ್ಯುವ ಗಾಡಿ. ಕೊಂಡ ಬೆಲೆಯನ್ನ ಒಂದೇ ಸಲ ಕೊಡ್ತೀರಿ, ಮೈಲೇಜಿನ ಬೆಲೆಯನ್ನ ದಿನಾ ಕೊಡ್ತೀರಿ.

“ಹಂಗಾರ ಆ ಎಸ್19 ತಗೊಂಡ್ರ?” ಅಂದ ತಮ್ಮ. ಹುಡುಗ ಬಿಡುವವನಲ್ಲ. ಸೆಕೆಂಡ್ ಹ್ಯಾಂಡ್ ಎಸ್19 ಪ್ರೊ ಅವನ ಒಂದು ಲಕ್ಷ ಹತ್ತು ಸಾವಿರದೊಳಗೆ ಬರುವಂತಿತ್ತು, ಅವನ ತಲೆಯಲ್ಲಿ ಅದು ಮೊದಲೇ ಇತ್ತು ಅನಿಸುತ್ತೆ. ಸರಿ, ಅದೂ ಆಗಲಿ. 110 ಟೆರಾಹ್ಯಾಶ್, ದಿನಕ್ಕೆ 550 ರೂಪಾಯಿ. 3,250 ವ್ಯಾಟ್, 78 ಯೂನಿಟ್, 468 ರೂಪಾಯಿ ಕರೆಂಟು. ಉಳಿತಾಯ 82. ಅಂಗಡಿಯ ವಾಣಿಜ್ಯ ಮೀಟರ್‌ನಲ್ಲಿ ಹಾಕಿದರೆ ಇದೂ ಉಳಿಯಲ್ಲ. ಮನೆ ಮೀಟರ್‌ನಲ್ಲಿ ವ್ಯಾಪಾರ ಮಾಡಿದರೆ ಜೆಸ್ಕಾಂನವರು ಒಂದಲ್ಲಾ ಒಂದು ದಿನ ಬರ್ತಾರೆ. ಆದರೂ 82 ಉಳೀತು ಅಂತಲೇ ಇಟ್ಟುಕೊಳ್ಳೋಣ.

ಈಗ ತೆರಿಗೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್, ಸೇರಿ 31.2. ಇದು ಬೆಂಗಳೂರಿನ ನಿಮಗೆಲ್ಲ ಗೊತ್ತಿರುತ್ತೆ. ಗೊತ್ತಿಲ್ಲದೇ ಇರಬಹುದಾದ್ದು ಇನ್ನೊಂದು: ಲಾಭ ಲೆಕ್ಕ ಹಾಕುವಾಗ ಕೊಂಡ ಬೆಲೆಯನ್ನ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಮೈನಿಂಗ್ ಮಾಡಿದವನು ನಾಣ್ಯವನ್ನ ಕೊಂಡೇ ಇಲ್ಲವಲ್ಲ. ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನ ಕೊಂಡ ಬೆಲೆ ಅಂತ ಒಪ್ಪೋದಿಲ್ಲ ಅಂತ ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲೇ ಉತ್ತರ ಕೊಟ್ಟಿದೆ. ಅಂದರೆ ತೆರಿಗೆ ಬೀಳೋದು 82ರ ಮೇಲಲ್ಲ, 550ರ ಮೇಲೆ. 172 ರೂಪಾಯಿ. ದಿನಕ್ಕೆ 90 ರೂಪಾಯಿ ನಷ್ಟ, ಅದೂ ಪ್ರಾಮಾಣಿಕವಾಗಿ ತೆರಿಗೆ ಕಟ್ಟುವವನಿಗೆ.

ಹೊಸ ಎಸ್21 ಒಂದೇ ಈ ಲೆಕ್ಕದಲ್ಲಿ ತಲೆ ಎತ್ತಿದ್ದು. ದಿನಕ್ಕೆ ಸಾವಿರ ದುಡಿದು, 504 ಕರೆಂಟಿಗೆ, 312 ತೆರಿಗೆಗೆ ಕೊಟ್ಟು 184 ಉಳಿಸುತ್ತೆ. ಆಮದು, ಸುಂಕ ಎಲ್ಲಾ ಸೇರಿ ಮೂರು ಲಕ್ಷ ಅಂತ ಹಿಡಿದರೂ ಹಾಕಿದ ದುಡ್ಡು ವಾಪಸ್ ಬರೋಕೆ ನಾಲ್ಕೂವರೆ ವರ್ಷ. ಅಷ್ಟರೊಳಗೆ 2028ರಲ್ಲಿ ಬಹುಮಾನ ಮತ್ತೆ ಅರ್ಧ ಆಗುತ್ತೆ. ಬಿಟ್‌ಕಾಯಿನ್ ಬೆಲೆ ಎರಡು ಪಟ್ಟಾದರೆ ಅಂತ ತಮ್ಮ ಕೇಳಿದ. ಆದರೆ ಬೆಲೆ ಏರಿದಾಗ ಹೊಸ ಮಷಿನ್‌ಗಳೂ ಜಾಲಕ್ಕೆ ಸೇರ್ತಾ ಹೋಗ್ತವೆ, ನಮ್ಮ ಪಾಲು ಸಣ್ಣದಾಗ್ತಾ ಹೋಗುತ್ತೆ. ಬೆಲೆ ಏರುತ್ತೆ ಅಂತ ಅಷ್ಟು ಖಾತ್ರಿ ಇದ್ದವನು ಮಷಿನ್ ಕೊಳ್ಳಬೇಕಾಗೇ ಇಲ್ಲ.

ಕಾಕಾ ಎದ್ದು ಎಲೆ-ಅಡಿಕೆ ಉಗುಳಿ ಬಂದರು. “ಡೀಸೆಲ್ ಖರ್ಚು ಕಳೀಬ್ಯಾಡ ಅಂತಾನಾ ಸರ್ಕಾರದಾಂವ? ಟಿಪ್ಪರಿಗೂ ಇಂಥ ಕಾನೂನು ಇರ್ಲಿಲ್ಲಲೇ.”

ಹಾಗಾದರೆ ಏನನ್ನೂ ಕೊಳ್ಳಬಾರದಾ? ತಮ್ಮನಿಗೂ ಆಫೀಸಿನ ಹುಡುಗರಿಗೂ ನಾನು ಹೇಳಿದ್ದು ಒಂದೇ: ಮೈನಿಂಗ್ ನಿಂತ ದಿನವೂ ಕೆಲಸಕ್ಕೆ ಬರುವಂಥದನ್ನ ಕೊಳ್ಳಿ. ಇದರರ್ಥ ಸಾಮಾನ್ಯವಾಗಿ ಒಂದು ಒಳ್ಳೆ ಡೆಸ್ಕ್‌ಟಾಪು, ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್. ಎಥೀರಿಯಂ 2022ರ ಸೆಪ್ಟೆಂಬರ್ 15ಕ್ಕೆ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಅಲ್ಲಿಂದ ಕಾರ್ಡ್ ಮೈನಿಂಗ್‌ನಲ್ಲಿ ದುಡಿಮೆ ಅನ್ನೋದು ಹೆಚ್ಚುಕಡಿಮೆ ಇಲ್ಲ. ಆದರೆ ಅದೇ ಕಾರಣಕ್ಕೆ ಹಳೇ ಕಾರ್ಡುಗಳು ಅಗ್ಗಕ್ಕೆ ಸಿಗ್ತವೆ, ಅವುಗಳಲ್ಲಿ ಆಟ ಆಡಬಹುದು, ಮದುವೆ ವಿಡಿಯೋ ಎಡಿಟ್ ಮಾಡಬಹುದು.

ಎಸ್‌ಪಿ ರೋಡಿಗೆ ಹೋಗುವವರು ಇಷ್ಟು ನೋಡಿಕೊಳ್ಳಿ. ಸಿಎಂಪಿ ಅಂತಲೋ ಪಿ106 ಅಂತಲೋ ಹೆಸರಿರುವ ಎನ್‌ವಿಡಿಯಾ ಕಾರ್ಡ್ ಬಹಳ ಅಗ್ಗ ಇದ್ದರೆ ಅದರ ಹಿಂಭಾಗ ತಿರುಗಿಸಿ. ಮಾನಿಟರಿಗೆ ವೈರ್ ಹಾಕುವ ಕಿಂಡಿಯೇ ಇರಲ್ಲ, ಅವನ್ನ ಮಾಡಿದ್ದೇ ಮೈನಿಂಗ್‌ಗೆ. ಆರ್‌ಎಕ್ಸ್ 580ಯಂಥ ಕಾರ್ಡುಗಳಲ್ಲಿ ಮೈನಿಂಗ್ ಮಾಡಿದವರು ಬಯಾಸ್ ಬದಲಿಸಿರ್ತಾರೆ, ಮೂಲದ್ದನ್ನ ವಾಪಸ್ ಹಾಕಿಸಿ. ಮೈನಿಂಗ್‌ನಲ್ಲಿ ಓಡಿದ ಕಾರ್ಡ್ ಅಂದಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಒಂದೇ ಬಿಸಿಯಲ್ಲಿ ಓಡಿದ ಕಾರ್ಡು ಕೆಲವೊಮ್ಮೆ ಚೆನ್ನಾಗೇ ಇರುತ್ತೆ. ಮೊದಲು ಸವೆಯೋದು ಫ್ಯಾನು. ಅಂಗಡಿಯವನ ಎದುರಿಗೇ ಅರ್ಧ ತಾಸು ಪೂರ್ತಿ ಲೋಡ್ ಕೊಟ್ಟು ಓಡಿಸಿ, ಬಿಸಿ ನೋಡಿ, ಸದ್ದು ಕೇಳಿ. ಒಪ್ಪದಿದ್ದರೆ ಎದ್ದು ಬನ್ನಿ. ಮತ್ತು ಪವರ್ ಸಪ್ಲೈನಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಹಾರ್ಡ್‌ಡಿಸ್ಕಿಗೆ ಕೊಡುವ ಸಾಟಾ ವೈರಿನ ತಾಳಿಕೆ 54 ವ್ಯಾಟ್. ಅದರಿಂದ ಕಾರ್ಡಿನ ರೈಸರ್‌ಗೆ ಕನೆಕ್ಷನ್ ಕೊಟ್ಟರೆ ಅದು 75ರವರೆಗೆ ಎಳೀಬಹುದು. ವೈರು ಕರಗಿದ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಮರೆಯೋದಿಲ್ಲ.

ಕಲಿಯೋಕೆ ಮಾತ್ರ ಅಂದರೆ ಈಗಿರುವ ಡೆಸ್ಕ್‌ಟಾಪೇ ಸಾಕು. ಮೊನೆರೊ ಅನ್ನುವ ನಾಣ್ಯ 2019ರಿಂದ ಮಾಮೂಲಿ ಪ್ರೊಸೆಸರ್‌ಗೆ ಒಗ್ಗುವ ಪದ್ಧತಿ ಇಟ್ಟುಕೊಂಡಿದೆ. ವ್ಯಾಲೆಟ್, ಪೂಲ್, ಹ್ಯಾಶ್ ಇವೆಲ್ಲ ಒಂದು ಸಂಜೆಗೆ ಕೈಗೆ ಹತ್ತುತ್ತೆ. ಸಿಗೋದು ಚಿಲ್ಲರೆ, ಮಾರೋದೂ ಕಷ್ಟ, ಬೈನಾನ್ಸ್‌ನಂಥ ದೊಡ್ಡ ಎಕ್ಸ್‌ಚೇಂಜೇ 2024ರಲ್ಲಿ ಅದನ್ನ ಕೈಬಿಟ್ಟಿತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಬೇಡ, ಕುಷ್ಟಗಿಯ ಬೇಸಿಗೆಯಲ್ಲಂತೂ ಬೇಡವೇ ಬೇಡ. ಬಿಟ್‌ಕಾಯಿನ್ನೇ ಬೇಕು ಅನ್ನುವವರಿಗೆ ಬಿಟ್‌ಆಕ್ಸ್ ಅಂತ ಅಂಗೈಯಗಲದ ಮಷಿನ್ ಬಂದಿದೆ, 1.2 ಟೆರಾಹ್ಯಾಶ್, ಬರೀ 18 ವ್ಯಾಟ್, ತಿಂಗಳಿಗೆ ಎಂಬತ್ತು ರೂಪಾಯಿ ಕರೆಂಟು. ಅದರಲ್ಲಿ ಒಬ್ಬನೇ ಒಂದು ಪುಟ ಗೆದ್ದರೆ ಮೂರು ಕೋಟಿ. ನನ್ನ ಲೆಕ್ಕದಲ್ಲಿ ಸರಾಸರಿ ಹದಿನಾಲ್ಕು ಸಾವಿರ ವರ್ಷಕ್ಕೊಮ್ಮೆ ಗೆಲ್ತೀರಿ. ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಂತುಹೋಯ್ತು, ಓಸಿ ಚೀಟಿ ಬರೆಸುವವರು ಇನ್ನೂ ಇದ್ದಾರೆ. ಅವರಿಗೆ ಹೋಲಿಸಿದರೆ ಇದು ಮರ್ಯಾದಸ್ಥ ಚಟ. ನಾನೇ ಒಂದು ತಗೊಳ್ಳಬೇಕು ಅಂತಿದ್ದೀನಿ, ಮೇಜಿನ ಮೇಲೆ ಚೆಂದ ಕಾಣುತ್ತೆ.

‘ಮಷಿನ್ ನಮ್ಮ ಹತ್ರ ಇರ್ಲಿ, ನೀವು ದುಡ್ಡು ಹಾಕಿ’ ಅನ್ನುವ ಕ್ಲೌಡ್ ಮೈನಿಂಗ್‌ನವರ ವಾಟ್ಸ್ಆ್ಯಪ್ ಗುಂಪಿಗೂ ತಮ್ಮ ಸೇರಿದ್ದ. ಗೇನ್‌ಬಿಟ್‌ಕಾಯಿನ್ ಅಂತ ಒಂದು ಯೋಜನೆ ತಿಂಗಳಿಗೆ ಶೇ 10ರಂತೆ ಹದಿನೆಂಟು ತಿಂಗಳು ಕೊಡ್ತೀವಿ ಅಂದಿತ್ತು. ಅದರ ರೂವಾರಿ ಅಮಿತ್ ಭಾರದ್ವಾಜ್‌ನನ್ನ 2018ರಲ್ಲಿ ಪುಣೆ ಪೊಲೀಸರು ಬಂಧಿಸಿದರು, 2022ರಲ್ಲಿ ಅವನು ತೀರಿಕೊಂಡ. ದುಡ್ಡು ಹಾಕಿದವರು ಇನ್ನೂ ಕೇಸು ನೋಡ್ತಾ ಕೂತಿದ್ದಾರೆ. ಇದನ್ನ ಹೇಳಿದ ಮೇಲೆ ತಮ್ಮ ನನ್ನೆದುರಿಗೇ ಆ ಗುಂಪಿನಿಂದ ಹೊರಬಂದ.

ಕೊನೆಗೆ ಅವನು ತಗೊಂಡದ್ದು 38 ಸಾವಿರಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪು, ಜಿಟಿಎಕ್ಸ್ 1660 ಸೂಪರ್ ಕಾರ್ಡಿನ ಸಮೇತ. ತನ್ನದೇ ನಲವತ್ತರಲ್ಲಿ. ಹತ್ತು ರಾತ್ರಿ ಮೈನಿಂಗ್ ಓಡಿಸಿದ. ರಾತ್ರಿಗೆ ನಾಲ್ಕೈದು ರೂಪಾಯಿ ಬರ್ತಿತ್ತು, ಅಂಗಡಿ ಮೀಟರಿನಲ್ಲಿ ಅದರ ಎರಡು ಪಟ್ಟು ಹೋಗ್ತಿತ್ತು. ಪ್ರತಿ ದಿನ ಬೆಳಿಗ್ಗೆ ಸ್ಕ್ರೀನ್‌ಶಾಟ್ ಕಳಿಸ್ತಿದ್ದ. ಹನ್ನೊಂದನೇ ದಿನ ಬರಲಿಲ್ಲ, ಕೇಳಿದರೆ “ಅಲ್ಬಮ್ ಡಿಸೈನ್ ಕೆಲಸ ಬಂದೈತಿ ಅಣ್ಣಾ, ಮಷಿನ್ ಖಾಲಿ ಇಲ್ಲ” ಅಂದ. ಈಗ ಕುಷ್ಟಗಿಯ ಇಬ್ಬರು ಫೋಟೋಗ್ರಾಫರ್‌ಗಳು ಅವನ ಹತ್ತಿರ ಕೆಲಸ ಕೊಡ್ತಾರೆ. ಚಿಗವ್ವನ ಸಂಘದ ಸಾಲ ಮಂಜೂರಾಗಿ ಬಂತು. ಮಾಳಿಗೆ ಸೋರ್ತಿತ್ತು, ಮಳೆಗಾಲಕ್ಕೆ ಮುಂಚೆ ಅದಕ್ಕೆ ಹಾಕಿಸಿದರು.

ಗಂಗಾವತಿಯವರು ಅವನಿಗೆ ಇನ್ನೂ ಫೋನ್ ಮಾಡ್ತಾರೆ. 12 ಇದ್ದದ್ದು 9 ಆಯ್ತು, ದಸರಾ ಹೊತ್ತಿಗೆ 7. ಹೋದ ಸಲ ಊರಿಗೆ ಹೋದಾಗ ತಮ್ಮ ಈ ಸುದ್ದಿ ಹೇಳಿದ. ಕಾಕಾ ಕಟ್ಟೆ ಮೇಲೆ ಕೂತು ಕೇಳಿಸಿಕೊಳ್ತಿದ್ದರು.

“ತೂಕ ಎಷ್ಟು ಬರ್ತೈತಿ ಒಂದು?” ಅಂದರು.

“ನಾಲ್ಕು ಕಿಲೋ ಇರಬಹುದು. ಒಳಗ ಅಲ್ಯೂಮಿನಿಯಂ ಭಾಳ ಐತಿ.”

“ಅಲ್ಯೂಮಿನಿಯಂ ಗುಜರ್ಯಾಗ ಕಿಲೋಕ್ಕ ಎಷ್ಟು ನಡದೈತಿ ಕೇಳು” ಅಂದರು ಕಾಕಾ. “ಆ ರೇಟಿಗೆ ಇಳದ ಮ್ಯಾಲ ಮಾತಾಡೋಣಂತ.”